ಹಳೆಯ ಚೈನ್‌ಸಾಗೆ ಪೆಟ್ರೋಲ್ ಏರುತ್ತಿಲ್ಲ

ಪ್ರಶ್ನೆ: ನಮ್ಮ ಕಾಫಿ ತೋಟದ 15 ವರ್ಷ ಹಳೆಯ ಚೈನ್‌ಸಾ ಐದು ನಿಮಿಷ ಓಡಿ, ಪೆಟ್ರೋಲ್ ಮುಗಿದಂತೆ ನಿಂತುಬಿಡುತ್ತದೆ. ಕಾರ್ಬುರೇಟರ್ ಬದಲಿಸಬೇಕೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ದಯವಿಟ್ಟು ಈಗಲೇ ಅದಕ್ಕೆ ಹಣ ಸುರಿಯಬೇಡಿ. ಯಂತ್ರ ನಿಂತು ತುಸು ತಣಿದ ಮೇಲೆ ಟ್ಯಾಂಕಿನ ಮುಚ್ಚಳವನ್ನು ಮೆಲ್ಲನೆ ಸಡಿಲಿಸಿರಿ. ಸುಸ್ಸೆಂದು ಗಾಳಿಯನ್ನು ಒಳಗೆಳೆದುಕೊಂಡು, ಬಳಿಕ ಯಂತ್ರ ಮತ್ತೆ ಸಲೀಸಾಗಿ ಓಡಿದರೆ, ಟ್ಯಾಂಕಿಗೆ ಗಾಳಿ ಬಿಡುವ ಕಿಂಡಿ ಕಟ್ಟಿಕೊಂಡಿದೆ ಎಂದರ್ಥ. ಹಾಗಾಗದಿದ್ದಲ್ಲಿ, ತಂತಿಯ ಕೊಕ್ಕೆಯಿಂದ ಟ್ಯಾಂಕಿನೊಳಗಿನ ಫಿಲ್ಟರನ್ನು ಹೊರಗೆಳೆದು, ಅದರ ರಬ್ಬರ್ ಕೊಳವೆಯನ್ನು ಬೆರಳುಗಳಿಂದ ಬಾಗಿಸಿ ನೋಡಿರಿ. ಟ್ಯಾಂಕಿನ ಗೋಡೆಯನ್ನು ಹಾದುಹೋಗುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಪೆಟ್ರೋಲಿನೊಡನೆ ಗಾಳಿಯನ್ನೂ ಎಳೆಯುತ್ತದೆ. ಇವೆಲ್ಲ ಸರಿಯಿದ್ದರೆ ಮಾತ್ರ ಕಾರ್ಬುರೇಟರನ್ನು ಬಿಚ್ಚಿಸಿರಿ; ಆಗಲೂ ಬಹುಮಟ್ಟಿಗೆ ಅದರೊಳಗಿನ ಗಡುಸಾದ ಡಯಾಫ್ರಮ್ಮನ್ನು (ಬಾಗುವ ತೆಳು ಪೊರೆ) ಬದಲಿಸಿದರೆ ಸಾಕಾಗುತ್ತದೆ.