ಜಾವಾ ಕಿಕ್ ತಿರುಗಿ ಒದೆಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ಅಪ್ಪನ ಕಾಲದ ಜಾವಾ 250 ಬೈಕಿಗೆ ಹೊಸ ಸಿಬಿ ಪಾಯಿಂಟ್ (ಕಾಂಟ್ಯಾಕ್ಟ್ ಬ್ರೇಕರ್, ತೆರೆದಾಗ ಪ್ಲಗ್ಗಿನಲ್ಲಿ ಕಿಡಿ ಬರಿಸುವ ಚಿಕ್ಕ ಸ್ವಿಚ್) ಹಾಕಿಸಿದೆ. ಆಮೇಲಿಂದ ಕಿಕ್ ಹೊಡೆದರೆ ಕಾಲಿಗೆ ತಿರುಗಿ ಒದೆಯುತ್ತದೆ. ಯಾಕೆ ಸರ್?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮೂರಲ್ಲೇ ತಯಾರಾದ ಗಾಡಿ, ಅದಕ್ಕೆ ಸ್ವಲ್ಪ ಸಲುಗೆ ಜಾಸ್ತಿ! ಪಿಸ್ಟನ್ ಮೇಲೆ ಬರುವ ಮೊದಲೇ, ತುಂಬಾ ಬೇಗ ಕಿಡಿ ಬೀಳುತ್ತಿದೆ ಅಂತ ಕಾಣುತ್ತದೆ. ಪಾಯಿಂಟ್ ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ತಾನಾಗೇ ಬೇಗಾಗುತ್ತದೆ. ಅದಕ್ಕೇ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಉಲ್ಟಾ ಮಾಡಿದರೆ ಎರಡು ಸಲ ಕೆಲಸ.

ಬಲಗಡೆಯ ಕವರ್ ಬಿಚ್ಚಿ. ಪಾಯಿಂಟ್ ಪೂರ್ತಿ ತೆರೆದಾಗ 0.4 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಸ್ವಲ್ಪ ತಡೆದು ಹೋಗಬೇಕು. ಈಗ ಪ್ಲಗ್ ತೆಗೆದು ಆ ತೂತಿಗೆ ಡಯಲ್ ಗೇಜ್ (ಪಿಸ್ಟನ್ ಎಷ್ಟು ಸರಿಯಿತು ಅಂತ ಮುಳ್ಳಿನಲ್ಲಿ ತೋರಿಸುವ ಅಳತೆ) ಇಳಿಸಿ, ಪಿಸ್ಟನ್ನಿನ ತುತ್ತತುದಿ ಹಿಡಿಯಿರಿ. ಅದಕ್ಕಿಂತ ಸುಮಾರು 3 ಮಿ.ಮೀ. ಮೊದಲು ಪಾಯಿಂಟ್ ತೆರೆಯಬೇಕು. ತೆರೆಯುವ ಕ್ಷಣ ಕಣ್ಣಿಗೆ ಕಾಣುವುದಿಲ್ಲ. 6 ವೋಲ್ಟಿನ ಚಿಕ್ಕ ಬಲ್ಬಿನ ಒಂದು ವೈರ್ ಪಾಯಿಂಟ್ ಟರ್ಮಿನಲ್‌ಗೆ, ಇನ್ನೊಂದು ಬಾಡಿಗೆ. ಇಗ್ನಿಷನ್ ಆನ್ ಮಾಡಿ ಎಂಜಿನ್ ನಿಧಾನಕ್ಕೆ ತಿರುಗಿಸಿ. ಬಲ್ಬ್ ಹತ್ತಿದ್ದೇ ಪಾಯಿಂಟ್ ತೆರೆದ ಜಾಗ. ಅದು 3 ಮಿ.ಮೀ.ಗೆ ಹೊಂದದಿದ್ದರೆ ಪಾಯಿಂಟ್ ಕೂತಿರುವ ಪ್ಲೇಟನ್ನು ಕೂದಲೆಳೆಯಷ್ಟು ಸರಿಸಿ. ಸ್ಕ್ರೂ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಿ, ಬಿಗಿ ಮಾಡುವಾಗಲೇ ಅದು ಜರುಗುವುದು ಜಾಸ್ತಿ.

ಪಾಯಿಂಟ್ ಬೇಗ ಸುಟ್ಟು ಕಪ್ಪಾಗುತ್ತಿದ್ದರೆ ಸುಮ್ನೆ ಉಜ್ಜುತ್ತಾ ಕೂರಬೇಡಿ, ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಬದಲಿಸಿ.