ಶಾಲಿನ ಜೊತೆಗೊಂದು ಲೈನ್ ವಹಿ

ಶಿರಸಿ ತಾಲೂಕಿನ ಓದುಗರೊಬ್ಬರು ಮೂರು ಪುಟಗಳ ಪತ್ರ ಬರೆದಿದ್ದಾರೆ. ಸಾರ ಇಷ್ಟು: "ಅಡಿಕೆ ಮಾರಾಟದಿಂದ ಹಿಡಿದು ಹಾಲು, ಗೊಬ್ಬರ, ಬೆಳೆಸಾಲ, ಕಿರಾಣಿಯವರೆಗೆ ನಮ್ಮಲ್ಲಿ ಎಲ್ಲವೂ ಸಹಕಾರಿ ಸಂಘದ ಮೂಲಕ ನಡೆಯುತ್ತದೆ. ಹುಕ್ಕೇರಿಯಲ್ಲಿ ಕರೆಂಟಿಗೂ ಸಹಕಾರಿ ಸಂಘ ಇದೆಯಂತೆ. ನಮ್ಮಲ್ಲೇಕೆ ಆಗುವುದಿಲ್ಲ? ಕಾಳಿ, ಶರಾವತಿಯ ವಿದ್ಯುತ್ತು ಈ ಜಿಲ್ಲೆಯಲ್ಲೇ ಹುಟ್ಟಿದರೂ ಮಳೆಗಾಲದಲ್ಲಿ ನಮಗೇಕೆ ಕತ್ತಲೆ? ಮತ್ತೊಂದು, ಮಾರ್ಚ್ 4ರ ಲೈನ್‌ಮನ್ ದಿನದಂದು ನಮ್ಮ ಭಾಗದ ಲೈನ್‌ಮನ್‌ಗಳಿಗೆ ಶಾಲು, ಫಲತಾಂಬೂಲ ಕೊಟ್ಟು ಗೌರವಿಸಬೇಕೆಂದು ಸಂಘದಲ್ಲಿ ಠರಾವಾಗಿದೆ. ಇನ್ನೇನು ಮಾಡಬಹುದು?"

ಹುಕ್ಕೇರಿಯಲ್ಲಿ ಇದೆಯಂತೆ ಅಲ್ಲ, ಖಂಡಿತ ಇದೆ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಲ್ಲಿ ಹುಟ್ಟಿದ್ದು. ಆಗ ಪ್ರಯೋಗಕ್ಕೆಂದು ದೇಶದಲ್ಲಿ ಐದು ಕಡೆ ಇಂಥ ಸಂಘಗಳನ್ನು ಕಟ್ಟಲಾಯಿತು: ನಮ್ಮ ಹುಕ್ಕೇರಿ, ಗುಜರಾತಿನ ಕೋಡಿನಾರ್, ಮಹಾರಾಷ್ಟ್ರದ ಮುಳಾ-ಪ್ರವರಾ, ಇಂದಿನ ತೆಲಂಗಾಣದ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ. ಮಾದರಿ ಅಮೆರಿಕದ್ದು. 1930ರ ದಶಕದಲ್ಲಿ ಅಲ್ಲಿನ ಹತ್ತು ಹೊಲಮನೆಗಳಲ್ಲಿ ಒಂಬತ್ತಕ್ಕೆ ಕರೆಂಟು ಇರಲಿಲ್ಲ. ಮೈಲಿಗೆ ಎರಡು ಮೂರು ಮನೆಗಾಗಿ ತಂತಿ ಎಳೆದರೆ ಗಿಟ್ಟುವುದಿಲ್ಲ ಎಂದು ಖಾಸಗಿ ಕಂಪನಿಗಳು ಆ ಕಡೆ ತಲೆ ಹಾಕಲಿಲ್ಲ. 1936ರ ಕಾಯ್ದೆಯಿಂದ ಸರ್ಕಾರದ ಸಾಲ ಸಿಕ್ಕಿದ ಮೇಲೆ ರೈತರೇ ಸಂಘ ಕಟ್ಟಿ ಕಂಬ ನೆಟ್ಟರು. ಸದಸ್ಯನಿಗೆ ಒಂದೇ ಮತ. ವರ್ಷದ ಕೊನೆಗೆ ಉಳಿದ ಹಣವನ್ನು ಯಾರು ಎಷ್ಟು ಬಳಸಿದರೋ ಆ ಲೆಕ್ಕದಲ್ಲಿ ಅವರವರ ಖಾತೆಗೆ ಬರೆದಿಟ್ಟು, ಮುಂದೆ ಮರಳಿಸುತ್ತಾರೆ. ನಮ್ಮ ಮಾರಾಟ ಸಂಘಗಳ ಬೋನಸ್ಸಿನ ಹಾಗೆಯೇ.

ಆದರೆ ಶಿರಸಿಗೆ ಅದನ್ನೇ ತರಲು ಹೊರಡಬೇಡಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ವಿದ್ಯುತ್ ಸಂಘ ಕರೆಂಟನ್ನು ಸಗಟಾಗಿ ಕೊಂಡು ಚಿಲ್ಲರೆ ಮಾರಬೇಕು. ಮಾರುವ ದರವನ್ನು ನಿಗದಿ ಮಾಡುವುದು ಸಂಘದ ಆಡಳಿತ ಮಂಡಳಿಯಲ್ಲ, ವಿದ್ಯುತ್ ನಿಯಂತ್ರಣ ಆಯೋಗ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ, ಆ ಹಣ ಸರ್ಕಾರದ ಸಬ್ಸಿಡಿಯಾಗಿ ಬರಬೇಕು. ಮುಳಾ-ಪ್ರವರಾ ಸಂಘ ವಿದ್ಯುತ್ ಖರೀದಿಯ ಬಾಕಿಯಲ್ಲಿ ಮುಳುಗಿ 2011ರಲ್ಲಿ ತನ್ನ ಪ್ರದೇಶವನ್ನೇ ಕಳೆದುಕೊಂಡಿತು. ಘಟ್ಟದ ಮೇಲಿನ ನಮ್ಮ ಲೈನು ಇನ್ನೂ ಕಷ್ಟದ್ದು. ಒಂದು ಕೇರಿಯಿಂದ ಇನ್ನೊಂದು ಕೇರಿಗೆ ನಡುವೆ ಕಾಡು, ಹಳ್ಳ, ಕಿಲೋಮೀಟರಿಗೆ ನಾಲ್ಕಾರು ಮನೆ. ಇಲ್ಲಿ ದುರಸ್ತಿಯ ಖರ್ಚೇ ಹೆಚ್ಚು, ಮಾರಾಟ ಕಡಿಮೆ.

ಕತ್ತಲೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕದ್ರಾದ 150 ಮೆಗಾವ್ಯಾಟ್, ಕೊಡಸಳ್ಳಿಯ 120, ಗೇರುಸೊಪ್ಪೆಯ 240, ಕೈಗಾದ ನಾಲ್ಕು ಘಟಕಗಳ 880, ಇವೆಲ್ಲ ದೊಡ್ಡ ಗೋಪುರಗಳ ಮೇಲೆ ಅತಿ ಹೆಚ್ಚು ಒತ್ತಡದಲ್ಲಿ ದೊಡ್ಡ ವಿದ್ಯುತ್ ಜಾಲಕ್ಕೆ ಹೋಗುತ್ತವೆ. ನಿಮ್ಮ ಮನೆ ನಿಂತಿರುವುದು ಉಪಕೇಂದ್ರದಿಂದ ಊರುಗಳಿಗೆ ಬರುವ 11 ಕೆವಿ (ಹನ್ನೊಂದು ಸಾವಿರ ವೋಲ್ಟ್) ಲೈನಿನ, ಅಂದರೆ ಫೀಡರಿನ, ಕೊನೆಯ ಕವಲಿನ ಮೇಲೆ. ಐವತ್ತು ಅರವತ್ತು ಮೀಟರಿಗೊಂದು ಕಂಬ ಎಂದರೆ ಕಿಲೋಮೀಟರಿಗೆ ಹದಿನೆಂಟೋ ಇಪ್ಪತ್ತೋ ಕಂಬ, ಕಂಬಕ್ಕೆ ಮೂರು ಪಿಂಗಾಣಿ ಇನ್ಸುಲೇಟರ್ (ತಂತಿಯ ಕರೆಂಟು ಕಂಬಕ್ಕೆ ಇಳಿಯದಂತೆ ತಡೆಯುವಂಥದು). ಹತ್ತು ಕಿಲೋಮೀಟರಿನ ಫೀಡರಿಗೆ ಸುಮಾರು ಆರುನೂರು ಇನ್ಸುಲೇಟರ್. ಅದರಲ್ಲಿ ಒಂದಕ್ಕೆ ಸಿಡಿಲಿನಿಂದ ಕೂದಲೆಳೆಯಷ್ಟು ಬಿರುಕು ಬಿದ್ದರೆ ಸಾಕು. ಮಳೆ ಹೊಯ್ದಾಗ ಬಿರುಕಿಗೆ ನೀರು ಇಳಿದು ಫೀಡರ್ ಟ್ರಿಪ್ ಆಗುತ್ತದೆ, ಅಂದರೆ ಉಪಕೇಂದ್ರದ ಬ್ರೇಕರ್ ತಾನಾಗಿ ಕರೆಂಟು ಕಡಿಯುತ್ತದೆ. ಬಿಸಿಲು ಬಂದರೆ ಸರಿಹೋಗುತ್ತದೆ. ನೆಲದಿಂದ ನೋಡಿದರೆ ಕಾಣುವುದಿಲ್ಲ. ಲೈನ್‌ಮನ್ ಲೈನನ್ನು ನಡುವೆ ಕಡಿಯುವ ಜಿಓಎಸ್ ಸ್ವಿಚ್ ತೆಗೆದು ಅರ್ಧ ಲೈನಿಗೆ ಚಾರ್ಜ್ ಮಾಡಿಸಿ (ಕರೆಂಟು ಬಿಡಿಸಿ) ನೋಡುತ್ತಾನೆ. ಟ್ರಿಪ್ಪಾಗದಿದ್ದರೆ ದೋಷ ಆಚೆ ಬದಿ, ಟ್ರಿಪ್ಪಾದರೆ ಈಚೆ ಬದಿ. ಹೀಗೆ ಅರ್ಧ, ಕಾಲು, ಅರೆಕಾಲು ಎಂದು ಕಿರಿದು ಮಾಡುತ್ತಾ ಹೋಗಿ ಕಡೆಗೆ ಕಂಬ ಹತ್ತಬೇಕು. ಉಂಬಳದ (ಜಿಗಣೆಯ) ಕಾಡಿನಲ್ಲಿ, ಜಾರುವ ಸಿಮೆಂಟ್ ಕಂಬದ ಮೇಲೆ, ಟಾರ್ಚಿನ ಬೆಳಕಿನಲ್ಲಿ.

ಕರಾವಳಿಯ ಓದುಗರೂ ಇದೇ ಕೇಳುತ್ತಾರೆ, ಅಲ್ಲಿ ಕಾರಣ ಬೇರೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಲೈನುಗಳ ಮೇಲೆ ಬೇಸಿಗೆಯುದ್ದಕ್ಕೂ ಸಮುದ್ರದ ಉಪ್ಪು, ಧೂಳು ಸೇರಿ ಪದರ ಕೂರುತ್ತದೆ. ಒಣಗಿದ್ದಾಗ ತೊಂದರೆಯಿಲ್ಲ. ಮೊದಲ ತುಂತುರು ಬಿದ್ದೊಡನೆ ಆ ಉಪ್ಪು ಕರಗಿ ಇನ್ಸುಲೇಟರಿನ ಮೈಮೇಲೆ ಕರೆಂಟು ಹರಿಯುತ್ತದೆ, ಕಿಡಿ ಹಾರುತ್ತದೆ. ಜಡಿಮಳೆ ಬಂದರೆ ಉಪ್ಪು ತೊಳೆದುಹೋಗುತ್ತದೆ, ಹಾಗಾಗಿ ಅಲ್ಲಿ ದೊಡ್ಡ ಮಳೆಗಿಂತ ಹನಿಮಳೆಯೇ ಹೆಚ್ಚು ಕಾಡುತ್ತದೆ. ತಾಮ್ರ ಮತ್ತು ಅಲ್ಯೂಮಿನಿಯಂ ನೇರ ಕೂಡುವ ಜಂಪ್‌ಗಳು ಉಪ್ಪುಗಾಳಿಗೆ ಬೇಗ ತಿಂದುಹೋಗುತ್ತವೆ, ಅಲ್ಲಿ ಎರಡೂ ಲೋಹ ಕೂಡಿಸಿ ಮಾಡಿದ ಲಗ್ (ತಂತಿಯ ತುದಿಯ ಕೊಂಡಿ) ಹಾಕಿಸಬೇಕು.

ಈಗ ಸಂಘ ಏನು ಮಾಡಬಹುದು ಎಂಬ ವಿಚಾರ. 2003ರ ವಿದ್ಯುತ್ ಕಾಯ್ದೆಯ 5ನೆಯ ಮತ್ತು 13ನೆಯ ಕಲಮುಗಳು ಗ್ರಾಮೀಣ ವಿತರಣೆಯಲ್ಲಿ ಪಂಚಾಯಿತಿ, ಬಳಕೆದಾರರ ಸಂಘ, ಸಹಕಾರಿ ಸಂಘಗಳಿಗೆ ಜಾಗ ಇಟ್ಟಿವೆ. ಆದರೆ ಮೊದಲ ಹೆಜ್ಜೆಗೆ ಲೈಸೆನ್ಸೂ ಬೇಡ, ಬಂಡವಾಳವೂ ಬೇಡ. ನಿಮ್ಮ ಸೇವಾ ಸಹಕಾರಿ ಸಂಘದಲ್ಲಿ ಒಂದು ಉಪಸಮಿತಿ ಮಾಡಿ, ಸಾಲದ ವಹಿಯಂತೆ ಒಂದು ಲೈನ್ ವಹಿ ಇಡಿ. ಸಹಕಾರಿಗಳಿಗೆ ವಹಿ ಬರೆಯುವುದು ಹೊಸದಲ್ಲ.

ಅದರಲ್ಲಿ ಮೊದಲು ಬರೆಯಬೇಕಾದದ್ದು ಕಂಬಗಳ ನಕ್ಷೆ. ಟಿಸಿಯ (ಊರಿನ ಟ್ರಾನ್ಸ್‌ಫಾರ್ಮರಿನ) ಸಂಖ್ಯೆ, ಅಲ್ಲಿಂದ ಹೊರಟ ಕಂಬಗಳಿಗೆ ಕ್ರಮಸಂಖ್ಯೆ, ಯಾವ ಕಂಬ ಯಾರ ತೋಟದಲ್ಲಿ, ದಾರಿ ಎಲ್ಲಿಂದ, ಜಿಓಎಸ್ ಎಲ್ಲಿದೆ. ವಿದ್ಯುತ್ ಕಂಪನಿಯ ಶಾಖಾ ಕಚೇರಿಯ ಒಪ್ಪಿಗೆ ಪಡೆದು ಕಂಬದ ಮೇಲೆ ಎದೆಯೆತ್ತರಕ್ಕೆ ಸಂಖ್ಯೆ ಬರೆಸಿ. "ಕರೆಂಟಿಲ್ಲ" ಎಂದು ಮೂವತ್ತು ಮನೆಯವರು ಫೋನು ಮಾಡುವುದಕ್ಕೂ, "17ನೆಯ ಕಂಬದ ಮೇಲೆ ಕೊಂಬೆ ಬಿದ್ದಿದೆ, 20ರವರೆಗೆ ನೋಡಿದ್ದೇವೆ, ತಂತಿ ತುಂಡಾಗಿಲ್ಲ" ಎಂದು ಒಬ್ಬರೇ ಹೇಳುವುದಕ್ಕೂ ಲೈನ್‌ಮನ್‌ನ ಪಾಲಿಗೆ ಒಂದು ರಾತ್ರಿಯ ಅಂತರವಿದೆ. ದೂರು ದಾಖಲಾಗಲು 1912ಕ್ಕೂ ಒಂದು ಕರೆ ಮಾಡಿ, ದೂರಿನ ಸಂಖ್ಯೆಯನ್ನು ವಹಿಯಲ್ಲಿ ಬರೆದಿಡಿ. ಒಂದೇ ಜಾಗದಲ್ಲಿ ವರ್ಷಕ್ಕೆ ಐದು ಸಲ ಫಾಲ್ಟ್ ಎಂದು ತಾರೀಕು ಸಹಿತ ತೋರಿಸಿದರೆ ಅಲ್ಲಿಗೆ ನಡುಕಂಬವನ್ನೋ ಹೊದಿಕೆ ತಂತಿಯನ್ನೋ ಕೇಳುವುದು ಸುಲಭವಾಗುತ್ತದೆ.

ಎರಡನೆಯದು ಮರ. ನಮ್ಮಲ್ಲಿ ಲೈನು ಹಾದುಹೋಗುವುದು ಬಹುಪಾಲು ಸೊಪ್ಪಿನ ಬೆಟ್ಟಗಳಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ. ಬೆಟ್ಟದ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದು ಮೇ ತಿಂಗಳಲ್ಲಿ ಅರ್ಜಿ ಕೊಟ್ಟರೆ ಮಳೆಗೆ ಮುಂಚೆ ಸಿಗುವುದು ಕಷ್ಟ. ದೀಪಾವಳಿ ಕಳೆದೊಡನೆ ಬಾಗಿದ ಮರ, ಒಣಗಿದ ಕೊಂಬೆ, ಬಿದಿರು ಹಿಂಡಲುಗಳ ಪಟ್ಟಿ ಮಾಡಿ ಶಾಖಾ ಕಚೇರಿಗೂ ವಲಯ ಅರಣ್ಯ ಕಚೇರಿಗೂ ಕೊಡಿ. ಸೊಪ್ಪು ಕಡಿಯುವಾಗ ಲೈನಿನ ಬದಿಯ ಮರದಿಂದಲೇ ಶುರುಮಾಡುವ ಯೋಚನೆ ಒಳ್ಳೆಯದು, ಆದರೆ ಲೈನ್ ಕ್ಲಿಯರ್ (ಉಪಕೇಂದ್ರದಿಂದ ಲೈನಿನ ಕರೆಂಟು ತೆಗೆಸಿದ ಅನುಮತಿ) ಪಡೆದ ದಿನ, ಲೈನ್‌ಮನ್ ಎದುರಿಗಿದ್ದಾಗ ಮಾತ್ರ. ಹಸಿ ಕೊಂಬೆಯಲ್ಲಿ ಕರೆಂಟು ಹರಿಯುತ್ತದೆ. ತೋಟದ ಮಾಲೀಕರು ತೆಂಗಿನ ಒಂದು ಮಡಲಿಗೂ ಒಪ್ಪದೆ ಜಗಳಕ್ಕೆ ನಿಲ್ಲುವುದುಂಟು. ಅಂಥಲ್ಲಿ ಲೈನ್‌ಮನ್‌ನನ್ನು ಒಬ್ಬನೇ ಕಳಿಸಬೇಡಿ, ಸಂಘದ ನಿರ್ದೇಶಕರೊಬ್ಬರು ಜೊತೆಗೆ ಹೋಗಲಿ. ರೋಹಿಣಿ ಮಳೆ ಹಿಡಿಯುವುದರೊಳಗೆ ಈ ಕೆಲಸ ಮುಗಿದಿರಬೇಕು.

ಮೂರನೆಯದು ಜೀವದ ಪ್ರಶ್ನೆ. ಮಳೆಗಾಲದಲ್ಲಿ ನಮ್ಮ ಊರುಗಳಲ್ಲಿ ಡೀಸೆಲ್ ಜನರೇಟರ್, ಇನ್ವರ್ಟರ್, ಹಳ್ಳದ ನೀರಿನಿಂದ ಓಡುವ ಪುಟ್ಟ ವಿದ್ಯುತ್ ಯಂತ್ರ ಪಿಕೋ ಹೈಡ್ರೋ ಎಲ್ಲ ಓಡುತ್ತವೆ. ಇವನ್ನು ಚೇಂಜ್‌ಓವರ್ ಸ್ವಿಚ್ (ಹೊರಗಿನ ಲೈನನ್ನು ಕಡಿದು ಮನೆಯನ್ನು ಯಂತ್ರಕ್ಕೆ ಕೂಡಿಸುವಂಥದು) ಇಲ್ಲದೆ ಮನೆಯ ವೈರಿಂಗಿಗೆ, ಕೆಲವರು ಪ್ಲಗ್ ಪಾಯಿಂಟಿಗೇ, ಸಿಕ್ಕಿಸುತ್ತಾರೆ. ಆಗ ಕರೆಂಟು ಸರ್ವಿಸ್ ವೈರಿನಿಂದ ಹೊರಗೆ ಹರಿದು ಟಿಸಿಯನ್ನು ತಲುಪುತ್ತದೆ. ಟಿಸಿ ಎರಡೂ ದಿಕ್ಕಿಗೆ ಕೆಲಸ ಮಾಡುವ ಯಂತ್ರ. 11 ಕೆವಿಯನ್ನು ಇಳಿಸುವ ಅದೇ ಸುರುಳಿ ನಿಮ್ಮ 230 ವೋಲ್ಟನ್ನು ಸುಮಾರು ಹತ್ತು ಸಾವಿರ ವೋಲ್ಟಿಗೆ ಏರಿಸುತ್ತದೆ. ಉಪಕೇಂದ್ರದಲ್ಲಿ ಬ್ರೇಕರ್ ತೆಗೆದಿದೆ, ಲೈನ್ ಸತ್ತಿದೆ ಎಂದು ಕಂಬದ ಮೇಲಿರುವವನ ಕೈಗೆ ಅದು ತಾಗುತ್ತದೆ. ಸಣ್ಣ ಜನರೇಟರ್ ಊರಿನ ಭಾರ ತಾಳದೆ ತಾನೇ ನಿಂತುಬಿಡುತ್ತದೆ ಎಂದು ವಾದಿಸುವವರಿದ್ದಾರೆ. ಆಚೆಯ ತಂತಿ ತುಂಡಾಗಿ ಎರಡೇ ಮನೆ ಉಳಿದಿದ್ದರೆ ಅದು ನಿಲ್ಲುವುದಿಲ್ಲ. ಸಿಂಗಲ್ ಫೇಸ್ ಮನೆಗೆ ನ್ಯೂಟ್ರಲನ್ನೂ ಕಡಿಯುವ ಎರಡು ಪೋಲಿನ, ತ್ರೀ ಫೇಸ್ ಇದ್ದರೆ ನಾಲ್ಕು ಪೋಲಿನ ಚೇಂಜ್‌ಓವರ್ ಬೇಕು. ಯಾರ ಮನೆಯಲ್ಲಿ ಯಾವ ಯಂತ್ರ, ಚೇಂಜ್‌ಓವರ್ ಇದೆಯೇ ಇಲ್ಲವೇ ಎಂಬ ಪಟ್ಟಿ ವಹಿಯಲ್ಲಿರಲಿ. ಇಲ್ಲದವರಿಗೆ ಸಂಘವೇ ಸ್ವಿಚ್ ತರಿಸಿ ಕಂತಿನಲ್ಲಿ ಕೊಡಲಿ. ನೀವು ಮಾಡಬಹುದಾದ ಸನ್ಮಾನಗಳಲ್ಲಿ ಇದಕ್ಕಿಂತ ದೊಡ್ಡದು ನಮಗೆ ಕಾಣುತ್ತಿಲ್ಲ.

ಟಿಸಿಯ ಫ್ಯೂಸನ್ನು ಊರವರೇ ಹಾಕಿಕೊಳ್ಳುವ ರೂಢಿಯನ್ನೂ ನಿಲ್ಲಿಸಿ. 25 ಕೆವಿಎ ಟಿಸಿಗೆ ಪೂರ್ಣ ಭಾರವೆಂದರೆ ಫೇಸಿಗೆ 33 ಆಂಪಿಯರ್. 5 ಎಚ್‌ಪಿ ಪಂಪು ಓಡುವಾಗ ಏಳೆಂಟು ಆಂಪಿಯರ್, ಶುರುವಾಗುವಾಗ ಅದರ ಐದಾರು ಪಟ್ಟು ಎಳೆಯುತ್ತದೆ. ಫೆಬ್ರವರಿಯಿಂದ ತೋಟಕ್ಕೆ ನೀರು ಹೊಡೆಯುವ ಕಾಲದಲ್ಲಿ ಕರೆಂಟು ಬಂದೊಡನೆ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಎದ್ದರೆ ಫ್ಯೂಸ್ ಹೋಗಲೇಬೇಕು. ಆಗ ದಪ್ಪ ಅಲ್ಯೂಮಿನಿಯಂ ಎಳೆ ಸುತ್ತಿದರೆ ಫ್ಯೂಸ್ ಉಳಿಯುತ್ತದೆ, ಟಿಸಿ ಸುಡುತ್ತದೆ. ಪಂಪುಗಳಿಗೆ ಸರದಿಯ ಪಟ್ಟಿ ಮಾಡಿ, ಸ್ಟಾರ್ಟರಿನ ವಿಳಂಬವನ್ನು ಒಬ್ಬೊಬ್ಬರಿಗೆ ಒಂದೊಂದು ನಿಮಿಷ ಬೇರೆ ಬೇರೆ ಇಡಿಸಿ.

ದೋಟಿಯ (ಮರಕ್ಕೆ ಎಟುಕಿಸುವ ಉದ್ದ ಕೋಲಿನ) ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಉತ್ತರ ಅಪೂರ್ಣ. ಅಡಿಕೆಯ ಕೊನೆ (ಗೊನೆ) ಕೊಯ್ಯಲು, ಔಷಧಿ ಹೊಡೆಯಲು ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರ, ಲೋಹದ ಹಾಗೆ ಕಾಣುವುದಿಲ್ಲ. ಆದರೆ ಕಾರ್ಬನ್ ವಿದ್ಯುತ್ ವಾಹಕ. ಅಲ್ಯೂಮಿನಿಯಂ ಏಣಿಯಷ್ಟೇ ಅಪಾಯದ್ದು. ಲೈನಿನ ಸಾಲಿನ ಮರಗಳಿಗೆ ಬಿಳಿ ಪಟ್ಟಿ ಹಚ್ಚಿ, ಅಲ್ಲಿ ಕೊಯ್ಲಾಗಲಿ ಬೋರ್ಡೋ ಔಷಧಿಯ ಸಿಂಪಡಣೆಯಾಗಲಿ ಲೈನ್ ತೆಗೆಸಿದ ಮೇಲೆಯೇ ಎಂದು ನಿಯಮ ಮಾಡಿ.

ತಂತಿ ನೆಲಕ್ಕೆ ಬಿದ್ದಿದ್ದರೆ, ಸದ್ದು ಕಿಡಿ ಏನೂ ಇಲ್ಲದಿದ್ದರೂ, ಸತ್ತಿದೆ ಎಂದು ತಿಳಿಯಬೇಡಿ. ಒಣ ಜಂಬಿಟ್ಟಿಗೆಯ ನೆಲದಲ್ಲಿ ಬ್ರೇಕರ್ ಟ್ರಿಪ್ ಆಗುವಷ್ಟು ಕರೆಂಟು ಹರಿಯದೇ ಇರಬಹುದು. ಟ್ರಿಪ್ಪಾದ ಫೀಡರನ್ನೂ ಪರೀಕ್ಷೆಗೆಂದು ಮತ್ತೆ ಚಾರ್ಜ್ ಮಾಡುತ್ತಾರೆ. ಹತ್ತು ಮೀಟರ್ ದೂರ ಇರಿ, ದನಗಳನ್ನು ತಡೆಯಿರಿ, ಒಬ್ಬರು ಅಲ್ಲೇ ಕಾವಲು ನಿಲ್ಲಿ. ಈಗಾಗಲೇ ಹತ್ತಿರ ಹೋಗಿದ್ದರೆ ಕಾಲೆತ್ತದೆ, ಪಾದ ಜೋಡಿಸಿ ಸರಿಯುತ್ತ ಹೊರಗೆ ಬನ್ನಿ.

ಇನ್ನು ಮಾರ್ಚ್ 4ರ ಕಾರ್ಯಕ್ರಮ. ಶಾಲು ಹೊದಿಸಿ, ಸಂಕೋಚವೇನೂ ಬೇಡ. ಹುದ್ದೆಯ ಹೆಸರು ಪವರ್‌ಮ್ಯಾನ್ ಎಂದು ಬದಲಾಗಿದೆ, ಆಮಂತ್ರಣದಲ್ಲಿ ಹಾಗೇ ಅಚ್ಚು ಹಾಕಿಸಿ. ಗುತ್ತಿಗೆಯ ಗ್ಯಾಂಗಿನವರನ್ನು ಮರೆಯಬೇಡಿ. ಕಂಬ ಹೊತ್ತು ಗುಡ್ಡ ಹತ್ತಿಸುವವರು ಅವರೇ, ಮತ್ತು ವೇದಿಕೆಗೆ ಕರೆಯುವಾಗ ಬಿಟ್ಟುಹೋಗುವವರೂ ಅವರೇ. ಉಡುಗೊರೆಯಾಗಿ ತಲೆಗೆ ಕಟ್ಟುವ ಟಾರ್ಚ್, ಗಟ್ಟಿ ರೇನ್‌ಕೋಟ್, ಫೋನಿಗೆ ನೀರು ತಾಗದ ಚೀಲ, ಉಂಬಳ ಏರದಂತೆ ಮೊಣಕಾಲುವರೆಗಿನ ಕಾಲುಚೀಲ ಕೊಡಿ. ಕೈಗವಸನ್ನು ಮಾತ್ರ ಅಂಗಡಿಯಿಂದ ತಂದು ಕೊಡಬೇಡಿ. ಸಾಮಾನ್ಯ ರಬ್ಬರ್ ಗವಸು ವಿದ್ಯುತ್ ತಡೆಯುವುದಿಲ್ಲ, ಹಾಕಿಕೊಂಡವನಿಗೆ ಸುಳ್ಳು ಧೈರ್ಯ ಕೊಡುತ್ತದೆ. ವಿದ್ಯುತ್ ಗವಸಿನ ಮೇಲೆ ವರ್ಗದ ಅಂಕೆ ಮುದ್ರಿಸಿರುತ್ತದೆ. 0 ವರ್ಗದ್ದು ಒಂದು ಸಾವಿರ ವೋಲ್ಟಿಗೆ, 2ನೆಯ ವರ್ಗದ್ದು ಹದಿನೇಳು ಸಾವಿರಕ್ಕೆ. ಮಣಿಕಟ್ಟಿನಿಂದ ಸುರುಳಿ ಸುತ್ತಿ ಗಾಳಿ ಒತ್ತಿ ನೋಡಿದಾಗ ಸೋರಿದರೆ ಅದನ್ನು ಎಸೆಯಬೇಕು. ಕೊಡಲೇಬೇಕೆಂದಿದ್ದರೆ ಶಾಖಾಧಿಕಾರಿಗಳನ್ನು ಕೇಳಿ, ಲೈನಿನಲ್ಲಿ ಉಳಿದ ಕರೆಂಟನ್ನು ನೆಲಕ್ಕೆ ಇಳಿಸುವ ಡಿಸ್ಚಾರ್ಜ್ ರಾಡಿನ ಜೋಡಿ ಬೇಕೇ ವಿಚಾರಿಸಿ. ಕೆಲಸದ ಜಾಗದ ಎರಡೂ ಬದಿಗೆ ಅರ್ಥ್ ಕಟ್ಟಲು ಎರಡು ಬೇಕು, ಒಂದೇ ಇದ್ದರೆ ಒಂದು ಬದಿ ಬರಿದಾಗಿ ಉಳಿಯುತ್ತದೆ.

ಸಭೆಯ ಭಾಷಣಗಳನ್ನು ಅರ್ಧಕ್ಕೆ ಇಳಿಸಿ, ಆ ಅರ್ಧ ಗಂಟೆಯಲ್ಲಿ ಲೈನ್ ಕ್ಲಿಯರ್ ಎಂದರೇನೆಂದು ಅವರ ಬಾಯಿಂದಲೇ ಹೇಳಿಸಿ. ಉಪಕೇಂದ್ರಕ್ಕೆ ಹೆಸರು ಹೇಳಿ ಕೇಳುವುದು, ಬ್ರೇಕರ್ ತೆಗೆದು ಬೀಗ ಹಾಕಿ ಫಲಕ ತೂಗಿಸುವುದು, ಕಂಬದ ಬಳಿ ಟೆಸ್ಟರಿನಿಂದ ನೋಡುವುದು, ಅರ್ಥ್ ಕಟ್ಟುವುದು, ಕೊನೆಗೆ ಕೇಳಿದವನೇ ಲೈನ್ ಕ್ಲಿಯರನ್ನು ಹಿಂದಿರುಗಿಸುವುದು. ಇದನ್ನು ಕೇಳಿದವರು "ಐದು ನಿಮಿಷದ ಕೆಲಸಕ್ಕೆ ಒಂದು ಗಂಟೆಯೇ?" ಎಂದು ಕಂಬದ ಕೆಳಗೆ ನಿಂತು ಅವಸರ ಮಾಡುವುದಿಲ್ಲ. ಆ ದಿನ ಆರೋಗ್ಯ ಕೇಂದ್ರದವರನ್ನೂ ಕರೆಸಿ ಎದೆ ಒತ್ತುವುದನ್ನು ಕಲಿಯಿರಿ: ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಆಳಕ್ಕೆ, 108ರ ವಾಹನ ಬರುವವರೆಗೆ. ಒಬ್ಬರಿಗೆ ಎರಡು ನಿಮಿಷದಲ್ಲಿ ಕೈ ಸೋಲುತ್ತದೆ, ಆದ್ದರಿಂದ ಕೇರಿಗೆ ಕನಿಷ್ಠ ಮೂವರು ಕಲಿತಿರಲಿ. ಅವರ ಹೆಸರು, ಫೋನ್ ನಂಬರುಗಳನ್ನು ವಹಿಯ ಮೊದಲ ಪುಟದಲ್ಲಿ ಬರೆದು, ಅದರ ಒಂದು ಪ್ರತಿಯನ್ನು ಲೈನ್‌ಮನ್ ಕೈಗೆ ಕೊಡಿ.