ಸಂಪಾದಕರ ಉತ್ತರ: ಚೀಲ ಪೇಟೆಯಾದ ಬಗೆ

ಶೇರುಪೇಟೆಗೆ ಡಚ್ಚರು ಹೇಳುವ ‘ಬ್ಯೋರ್ಸ್’ ಎಂಬ ಹೆಸರು ಬ್ರೂಜ್ ನಗರದ ಒಂದು ಮನೆತನದಿಂದ ಬಂತೆಂದು ನಾವು ಬರೆದದ್ದಕ್ಕೆ ಶಿರಸಿಯ ಓದುಗರೊಬ್ಬರು ಆಕ್ಷೇಪಿಸಿ, ಅದು ಲ್ಯಾಟಿನ್ನಿನ ‘ಬುರ್ಸ’ವೇ ಹೊರತು ಉಳಿದದ್ದು ಕಟ್ಟುಕಥೆ ಎಂದಿದ್ದಾರೆ.

ಮಾನ್ಯರೇ, ತೊಗಲು ಎಂಬರ್ಥದ ಗ್ರೀಕ್ ಪದ ಲ್ಯಾಟಿನ್ನಿಗಿಳಿದು ಹಣದ ಚೀಲವಾಯಿತು, ಡಚ್ಚಿನಲ್ಲಿಯೂ ಆ ಅರ್ಥ ಉಳಿದಿದೆ, ಇಷ್ಟು ಒಪ್ಪಿದೆ. ಆದರೆ ಚೀಲ ಪೇಟೆಯಾದದ್ದನ್ನು ಧಾತುಕೋಶ ಹೇಳಲಾರದು. ಇಂದು ಬೆಲ್ಜಿಯಂನಲ್ಲಿರುವ ಬ್ರೂಜ್‌ನಲ್ಲಿ ವಾನ್ ಡೆರ್ ಬ್ಯೋರ್ಸ್ ಮನೆತನದವರು ವರ್ತಕರಿಗೆ ವಸತಿಗೃಹ ನಡೆಸುತ್ತಿದ್ದರು. ಅವರ ಲಾಂಛನದಲ್ಲಿ ಮೂರು ಹಣದ ಚೀಲಗಳಿದ್ದವು. ವೆನಿಸ್, ಜಿನೋವಾ, ಫ್ಲಾರೆನ್ಸಿನವರ ಮನೆಗಳೂ ಅದೇ ಚೌಕದಲ್ಲಿದ್ದುದರಿಂದ ಹುಂಡಿ, ಸಾಲ, ಸರಕಿನ ದರದ ಮಾತೆಲ್ಲ ಅಲ್ಲಿಯೇ ನಡೆದು, ಮನೆಯ ಹೆಸರು ಚೌಕಕ್ಕೂ ಚೌಕದ ಹೆಸರು ವ್ಯವಹಾರಕ್ಕೂ ಅಂಟಿತು. ಆ ಹೆಸರನ್ನೇ 1531ರ ಆಂಟ್ವರ್ಪಿನ ಕಟ್ಟಡವೂ, ಹೆಂಡ್ರಿಕ್ ಡೆ ಕೈಸರ್ ರೂಪಿಸಿ 1611ರಲ್ಲಿ ತೆರೆದ ಆಂಸ್ಟರ್‌ಡ್ಯಾಮಿನ ಕಟ್ಟಡವೂ ಹೊತ್ತವು. ಅದಕ್ಕೆ ಮುನ್ನ ಆಂಸ್ಟರ್‌ಡ್ಯಾಮಿನವರು ಸೇತುವೆಯ ಮೇಲೆ ನಿಂತೇ ವ್ಯಾಪಾರ ಕುದುರಿಸುತ್ತಿದ್ದರು, ಮಳೆ ಬಂದರೆ ಚರ್ಚಿನೊಳಗೆ ನುಗ್ಗುತ್ತಿದ್ದರು. 1602ರಲ್ಲಿ ಹುಟ್ಟಿ, ಮುಂದೆ ನಮ್ಮ ಬಸರೂರಿನ ಅಕ್ಕಿಗೂ ಬಂದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಶೇರುಗಳೂ 1611ರ ನಂತರ ಆ ಕಟ್ಟಡದಲ್ಲಿ ಮಾರಾಟವಾದವು.

ವಿದ್ಯಾರ್ಥಿವೇತನವೂ ‘ಬ್ಯೋರ್ಸ್’. ಮಧ್ಯಯುಗದಲ್ಲಿ ಒಂದೇ ಚೀಲದ ಹಣದಿಂದ ಉಂಡು ಓದುತ್ತಿದ್ದವರ ವಸತಿಗೆ ‘ಬುರ್ಸ’ ಎನ್ನುತ್ತಿದ್ದರು. ಜರ್ಮನರ ‘ಬುರ್ಶೆ’, ಅಂದರೆ ಹುಡುಗ, ಹುಟ್ಟಿದ್ದೂ ಅಲ್ಲಿಂದಲೇ. ನೆದರ್‌ಲ್ಯಾಂಡ್ಸ್ 2015ರಲ್ಲಿ ಕೈಬಿಟ್ಟು 2023ರಲ್ಲಿ ಮರಳಿ ತಂದ ವಿದ್ಯಾರ್ಥಿ ಸಹಾಯಧನಕ್ಕೆ ‘ಬಾಸಿಸ್‌ಬ್ಯೋರ್ಸ್’ ಎಂದೇ ಹೆಸರು. ವ್ಯಾಪಾರ ಮೇಳಕ್ಕೂ ಇದೇ ಮಾತು. ಆದರೆ ಕಳಿತು ಮೆತ್ತಗಾದ ಮರಸೇಬನ್ನು ‘ಬ್ಯೋರ್ಸ್’ ಎನ್ನುವಾಗ ಅದು ಬೇರೆಯೇ ಪದ, ಚೀಲಕ್ಕೂ ಅದಕ್ಕೂ ನಂಟಿಲ್ಲ; ಉಚ್ಚಾರದ ಹೋಲಿಕೆಯನ್ನೇ ನೆಚ್ಚಿ ಮೂಲ ಹಿಡಿಯಹೊರಟವರು ಎಡವುವುದು ಇಂಥಲ್ಲಿಯೇ.

ಈ ಚಟ ನಿಮ್ಮೊಬ್ಬರದಲ್ಲ. ಪ್ರತಿಯೊಂದು ಹಳ್ಳಿಮಾತಿಗೂ ಒಂದು ಸಂಸ್ಕೃತ ಧಾತುವನ್ನು ತಗುಲಿಸಿ ಕೈತೊಳೆದುಕೊಳ್ಳುವ ಪದಪಂಡಿತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆ ಮಾತು ಸಂತೆಯಲ್ಲಿ, ಮಂಡಿಯಲ್ಲಿ, ಕೋರ್ಟು ಕಚೇರಿಯಲ್ಲಿ ಯಾರ ಬಾಯಲ್ಲಿ ಅರ್ಥ ಬದಲಿಸಿತೆಂದು ಕೇಳುವ ವ್ಯವಧಾನ ಅವರಿಗಿಲ್ಲ. ಕೇಳಿ ಬರೆದಿಟ್ಟವರ ಟಿಪ್ಪಣಿಗೆ ಅವರ ಸಭೆಗಳಲ್ಲಿ ಮಣೆಯೂ ಇಲ್ಲ. ನಿಮ್ಮಷ್ಟು ಶ್ರದ್ಧೆಯಿಂದ ಪತ್ರ ಬರೆಯುವವರು ವಿರಳವಾದ್ದರಿಂದ ಈ ಕೆಲಸವನ್ನು ನಿಮಗೇ ಒಪ್ಪಿಸುತ್ತೇನೆ: ನಿಮ್ಮೂರಿನ ಅಡಿಕೆ ವ್ಯಾಪಾರದಲ್ಲಿ ರಾಶಿ, ಬೆಟ್ಟೆ, ಚಾಲಿ, ಬಿಳಿಗೋಟು ಎಂಬ ಹೆಸರುಗಳು ಹೇಗೆ ನೆಲೆನಿಂತವೆಂದು ಹಳೆಯ ವ್ಯಾಪಾರಸ್ಥರನ್ನು ವಿಚಾರಿಸಿ ಬರೆದು ಕಳುಹಿಸಿ, ಪೂರ್ತಿಯಾಗಿ ಅಚ್ಚು ಹಾಕುತ್ತೇವೆ.

– ಸಂ.